ಪ್ಲೇಟು ತಡೆಯುವ ಜಾಗ

ನಮ್ಮ ಅಡಿಗೆಮನೆಯ ಮೂಲೆಯಲ್ಲಿ ಒಂದು ಸ್ಟೀಲಿನ ಡಬ್ಬಿ ಇದೆ. ಜೋಳದ ಹಿಟ್ಟು ಹಾಕಿಡುವ ದೊಡ್ಡ ಡಬ್ಬಿ. ಮುಚ್ಚಳ ಬಿಗಿ, ತಳ ಇನ್ನೂ ಸೋರಿಲ್ಲ, ಹೊಳಪು ಮಾತ್ರ ಹೋಗಿದೆ. ಮನೆಗೆ ಬಂದ ಸೊಸೆ ಎರಡು ಸಲ ಅದನ್ನು ತೆಗೆದುಹಾಕೋಣ ಎಂದಳು. ನಾನು ಬೇಡ ಎಂದೆ. ಆ ಡಬ್ಬಿಗೆ ನಾನು ಕೊಟ್ಟ ಬೆಲೆ ಎಷ್ಟು ಎಂಬುದು ಅವಳಿಗೆ ಗೊತ್ತಿಲ್ಲ. ನನಗೂ ಹನ್ನೊಂದು ವರ್ಷ ಗೊತ್ತಿರಲಿಲ್ಲ.

ಝಳಕಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರೇ ಹೆಚ್ಚು. ಸೊಲ್ಲಾಪುರ–ವಿಜಾಪುರ ಹೆದ್ದಾರಿಯ ಮೇಲೆ ಇಂಡಿಯ ಕಡೆ ದಾರಿ ಒಡೆಯುವ ಊರು. ಕಾಗದಪತ್ರದಲ್ಲಿ 2014ರಿಂದ ವಿಜಯಪುರವಾದರೂ ನಮ್ಮ ಬಾಯಲ್ಲಿ ಇನ್ನೂ ವಿಜಾಪುರವೇ. ಉತ್ತರಕ್ಕೆ ಹೋದರೆ ಭೀಮಾ ನದಿ, ಅದನ್ನು ದಾಟಿದರೆ ಮಹಾರಾಷ್ಟ್ರ. ಹೀಗಾಗಿ ನಮ್ಮ ಮನೆಗಳಲ್ಲಿ ಮಾತು ಕನ್ನಡ, ಸಂತೆ ಸೊಲ್ಲಾಪುರದ್ದು, ಹಾಡು ಯಾವುದಾದರೂ ಆದೀತು. ನಾನು ಈ ಊರಿಗೆ ಮದುವೆಯಾಗಿ ಬಂದದ್ದು 1984ರಲ್ಲಿ. ಮಾವನವರು ಆಗಲೇ ತೀರಿಕೊಂಡಿದ್ದರು. ಅವರ ಕಾಲದ ಒಂದು ಗ್ರಾಮೋಫೋನು ಅಟ್ಟದ ಮೇಲೆ ಕೂತಿತ್ತು. ಅದರ ಸ್ಪ್ರಿಂಗು ಮುರಿದು ಎಷ್ಟೋ ವರ್ಷವಾಗಿತ್ತು. ಹಿತ್ತಾಳೆಯ ಕೊಳವೆ ಹಸಿರುಗಟ್ಟಿತ್ತು. ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ, ಅದರ ತುಂಬ ಕರೀ ಪ್ಲೇಟುಗಳು. ಯುಗಾದಿಗೊಮ್ಮೆ ಅವುಗಳ ಧೂಳು ಒರೆಸುವ ಕೆಲಸ ಹೊಸ ಸೊಸೆಯಾದ ನನಗೆ ಬಂತು.

1986ರ ಬೇಸಿಗೆಯಲ್ಲಿ ಹಳೇ ಸಾಮಾನಿಗೆ ಹೊಸ ಭಾಂಡೆ ಕೊಡುವ ಹೆಂಗಸೊಬ್ಬಳು ಮನೆ ಬಾಗಿಲಿಗೆ ಬಂದಳು. ಅತ್ತೆ ಬಾಜೂ ಮನೆಗೆ ಶಾವಿಗೆ ಹೊಸೆಯಲು ಹೋಗಿದ್ದರು. ಆ ಹೆಂಗಸಿನ ಕಣ್ಣು ಹಿತ್ತಾಳೆಯ ಕೊಳವೆಯ ಮೇಲೆ. ನನ್ನ ಕಣ್ಣು ಡಬ್ಬಿಯ ಮೇಲೆ. ತವರಿನಲ್ಲಿ ಅಂಥ ಡಬ್ಬಿ ಇರಲಿಲ್ಲ. ಒಂದಿಷ್ಟು ಜಗ್ಗಾಡಿದ ಮೇಲೆ ವ್ಯವಹಾರ ಮುಗಿಯಿತು. ಹೋಗುವಾಗ ಅವಳು, "ಈ ಕರೀ ತಾಟೂ ಒಯ್ಯಲೇನವ್ವಾ, ಮನ್ಯಾಗ ಹುಡುಗ್ರು ಆಡತಾವು" ಎಂದಳು. ಜಾಗವಾದರೂ ಖಾಲಿಯಾಗುತ್ತದೆ ಎಂದು ನಾನೇ ಪೆಟ್ಟಿಗೆಯನ್ನು ಎತ್ತಿ ಅವಳ ಬುಟ್ಟಿಗಿಟ್ಟೆ. ಭಾರವಿತ್ತು. ಬಹಳ ಭಾರವಿತ್ತು ಎಂಬುದು ಈಗಲೂ ನನ್ನ ಕೈಗೆ ನೆನಪಿದೆ.

ಸಂಜೆ ಅತ್ತೆ ಬಂದು ಡಬ್ಬಿಯನ್ನು ಬೆರಳಿನಿಂದ ಬಡಿದು ನೋಡಿದರು. "ಛಲೋ ಐತಿ" ಎಂದರು. ಅಟ್ಟದ ಕಡೆ ಕತ್ತೆತ್ತಿ ಒಂದು ಗಳಿಗೆ ನಿಂತರು.

"ಪ್ಲೇಟೂ ಒಯ್ದಳೇನು ತಂಗೀ?"

"ಹೌದ್ರೀ ಅತ್ತಿ. ಸುಮ್ಮನ ಬಿದ್ದಿದ್ದವಲ್ರೀ."

"ಹೌದು, ಸುಮ್ಮನ ಬಿದ್ದಿದ್ದವು" ಎಂದು ಹಿಟ್ಟು ನಾದಲು ಕೂತರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಅಂದೇ ಮರೆತುಬಿಡುತ್ತಿದ್ದೆನೇನೋ.

ಆಮೇಲಿನದು ರೇಡಿಯೋದ ಕತೆ. ನಮ್ಮ ಮನೆಯಲ್ಲಿ ಬೆಳಗಿನ ರೊಟ್ಟಿಗೂ ರೇಡಿಯೋ ಸಿಲೋನಿಗೂ ಗಂಟು ಬಿದ್ದಿತ್ತು. ಏಳೂವರೆಗೆ ಹಳೇ ಸಿನಿಮಾ ಹಾಡು ಶುರುವಾದರೆ ಎಂಟರೊಳಗೆ ಸೈಗಲ್ಲರ ಹಾಡಿನಿಂದ ಮುಗಿಯುತ್ತಿತ್ತು. ಸೈಗಲ್ ಬಂದರೆಂದರೆ ಮಕ್ಕಳು ಸಾಲೆಗೆ ಹೊರಡುವ ಹೊತ್ತು. ಒಂದು ಬೆಳಗ್ಗೆ, 1992ರ ಚಳಿಗಾಲ ಇರಬೇಕು, ಒಂದು ಹೆಣ್ಣು ದನಿ ಬಂತು. ಮಲಗಿದ ಜೀವ ಏಳದಂತೆ ಮೆಲ್ಲಗೆ ಬಾ ಎಂದು ಮೋಡಕ್ಕೆ ಹೇಳುವ ಹಾಡು. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬಂದರೂ ಕೈ ಆಡಲಿಲ್ಲ. ನಾನೇ ತಿರುವಿ ಹಾಕಿದೆ.

"ಯಾಕ್ರೀ ಅತ್ತಿ?"

"ಇದು ನಮ್ಮ ಮನ್ಯಾಗ ಇತ್ತು" ಎಂದರು. "ನಿಮ್ಮ ಮಾವ ಸೊಲ್ಲಾಪುರದಾಗ ಸಿನಿಮಾ ನೋಡಿ ಪ್ಲೇಟು ತಂದಿದ್ರು. ಈಕಿ ನಮ್ಮ ಬೀಳಗಿಯಾಕಿ."

ನಾನು ನಂಬಲಿಲ್ಲ. ಬೀಳಗಿಯ ಹೆಣ್ಣುಮಗಳು ಇಷ್ಟು ಸ್ವಚ್ಛ ಹಿಂದಿ ಹಾಡುವುದೆಂದರೇನು! ಆಮೇಲೆ ವಿಚಾರಿಸಿದಾಗ ಎಲ್ಲವೂ ನಿಜವೆಂದು ತಿಳಿಯಿತು. ಅವರು ಅಮೀರಬಾಯಿ ಕರ್ನಾಟಕಿ. ಆಗಿನ ವಿಜಾಪುರ ಜಿಲ್ಲೆಯ, ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ಮುಂಬಯಿಗೆ ಹೋಗಿ ನಟಿಸಿದರು, ಹಾಡಿದರು. ರೇಡಿಯೋದಲ್ಲಿ ಬಂದ ಹಾಡು 1943ರ 'ಕಿಸ್ಮತ್' ಚಿತ್ರದ್ದು. ಸಂಗೀತ ಅನಿಲ್ ಬಿಸ್ವಾಸ್ ಅವರದು. ಆ ಚಿತ್ರ ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಅಮೀರಬಾಯಿ ತೀರಿಕೊಂಡದ್ದು 1965ರಲ್ಲಿ. ಅವರ ಬದುಕಿನ ಮೇಲೆ ರಹಮತ್ ತರೀಕೆರೆಯವರು ಬರೆದ ಕನ್ನಡ ಪುಸ್ತಕವೇ ಇದೆ. ಆ ದಿನ ಮಾತ್ರ ನನ್ನ ತಲೆಯಲ್ಲಿ ಒಂದೇ ಸಂಗತಿ ಕೊರೆಯುತ್ತಿತ್ತು. ಈ ದನಿಯನ್ನು ನಾನು ಹಿಟ್ಟಿನ ಡಬ್ಬಿಗೆ ಕೊಟ್ಟುಬಿಟ್ಟೆನಲ್ಲ ಎಂದು.

ಹೀಗೆ ನಾನು ಪ್ಲೇಟು ಹುಡುಕುವವಳಾದೆ. ಹವ್ಯಾಸವೆಂದು ಶುರು ಮಾಡಿದ್ದಲ್ಲ, ಸಾಲ ತೀರಿಸಲೆಂದು. ಸೊಲ್ಲಾಪುರಕ್ಕೆ ಸೀರೆಗೋ ದವಾಖಾನೆಗೋ ಹೋದಾಗ ಹಳೇ ಸಾಮಾನಿನ ಅಂಗಡಿಗಳ ಮುಂದೆ ನಿಲ್ಲತೊಡಗಿದೆ. ತುಕ್ಕು ಹಿಡಿದ ಕೀಲಿ, ಒಡೆದ ಗಡಿಯಾರ, ಹಿತ್ತಾಳೆ ಅಡಕೊತ್ತುಗಳ ನಡುವೆ ಅಡ್ಡಾದಿಡ್ಡಿ ಬಿದ್ದ ಪ್ಲೇಟುಗಳು. ಗೃಹಸ್ಥೆಯೊಬ್ಬಳು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಅವನ್ನು ಒಂದೊಂದಾಗಿ ತಿರುವಿ ಹಾಕುವುದನ್ನು ಕಂಡು ಅಂಗಡಿಯವರಿಗೆ ಸೋಜಿಗ. ಅಂಥ ಒಂದು ಅಂಗಡಿಯಲ್ಲಿಯೇ ನನಗೆ ರೇಲ್ವೆ ಕಾಕಾ ಸಿಕ್ಕರು. ರೇಲ್ವೆಯಿಂದ ನಿವೃತ್ತರಾದ, ಬೆಳ್ಳಗಿನ ಪಾಯಜಾಮದ ಹಿರಿಯರು. ನಾನು ಒಂದು ಪ್ಲೇಟನ್ನು ಸೆರಗಿನಿಂದ ಒರೆಸುವುದನ್ನು ನೋಡಿ, "ಹಾಂಗ ಒರಸಬ್ಯಾಡವ್ವಾ, ಧೂಳೇ ಅದನ್ನ ಗೀಚತದ" ಎಂದರು. ಅದು ನನ್ನ ಮೊದಲ ಪಾಠ.

ಪ್ರತಿ ತಿಂಗಳ ಎರಡನೆಯ ರವಿವಾರ ಅವರ ಮನೆಯಲ್ಲಿ ಐದಾರು ಜನ ಸೇರುತ್ತಿದ್ದರು. ವಿಜಾಪುರದ ಒಬ್ಬ ನಿವೃತ್ತ ಮಾಸ್ತರು, ಇಂಡಿಯ ಒಬ್ಬ ದರ್ಜಿ, ಸೊಲ್ಲಾಪುರದ ಗಿರಣಿಯಲ್ಲಿ ದುಡಿದ ಇಬ್ಬರು, ಒಬ್ಬ ಹೋಮಿಯೋಪಥಿ ಡಾಕ್ಟರು. ತಮ್ಮ ತಮ್ಮ ಪ್ಲೇಟುಗಳನ್ನು ಹಳೇ ದಿಂಬಿನ ಚೀಲದಲ್ಲಿ ಹಾಕಿಕೊಂಡು ಬರುವುದು, ಒಬ್ಬೊಬ್ಬರದೂ ಎರಡೆರಡು ಕೇಳುವುದು, ಆಮೇಲೆ ಚಹಾದ ಜೊತೆ ಜಗಳ. 1993ರಿಂದ ನಾನೂ ಹೋಗತೊಡಗಿದೆ, ಮೊದಮೊದಲು ಯಜಮಾನರನ್ನು ಕರೆದುಕೊಂಡು. ಅವರು ಮೂರನೆಯ ತಿಂಗಳಿಗೇ, "ನೀ ಹೋಗಿ ಬಾ, ನನಗ ಅಲ್ಲಿ ನಿದ್ದಿ ಬರತದ" ಎಂದುಬಿಟ್ಟರು. ಅತ್ತೆಗೆ ನಾನು ಎಲ್ಲಿಗೆ ಹೋಗುತ್ತೇನೆಂದು ಗೊತ್ತಿತ್ತು, ಏಕೆ ಎಂಬುದನ್ನು ಹೇಳಿರಲಿಲ್ಲ.

ಅಲ್ಲಿ ಕಲಿತದ್ದು ಬಹಳ. ಆ ಪ್ಲೇಟುಗಳು ಪ್ಲಾಸ್ಟಿಕ್ಕಿನವಲ್ಲ. ಮುತ್ತುಗ, ಬಾರಿಯಂಥ ಮರಗಳ ಮೇಲೆ ಅರಗಿನ ಹುಳ ಕಟ್ಟುವ ಅರಗಿಗೆ ಕಲ್ಲಿನ ಪುಡಿ, ಮಸಿ ಬೆರೆಸಿ ಕಾಸಿ ಅಚ್ಚೊತ್ತಿದವು. ಅದಕ್ಕೇ ಅಷ್ಟು ಭಾರ, ಬಿದ್ದರೆ ಬಳೆಯಂತೆ ಚೂರು. ಸ್ಪಿರಿಟ್ಟಿನಿಂದ ತೊಳೆದರೆ ಅರಗೇ ಕರಗುತ್ತದೆ. ಉಗುರುಬೆಚ್ಚಗಿನ ನೀರು, ಎರಡು ಹನಿ ಸಾಬೂನು, ಮೆತ್ತನೆಯ ಬಟ್ಟೆ ಸಾಕು. ನಡುವಿನ ಕಾಗದದ ಚೀಟಿ ಮಾತ್ರ ನೆನೆಯಬಾರದು. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿ ಇಡಬೇಕು. ಉಕ್ಕಿನ ಮುಳ್ಳನ್ನು ಒಂದೊಂದು ಬದಿಗೂ ಬದಲಿಸಬೇಕು, ಸವೆದ ಮುಳ್ಳು ಹಾಡನ್ನೇ ಉಳುತ್ತದೆ. ನಿಮಿಷಕ್ಕೆ 78 ಸುತ್ತು, ಹತ್ತು ಇಂಚಿನ ಪ್ಲೇಟಿನ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ. ಆದರೆ ಮೊದಮೊದಲಿನವು ಸರಿಯಾಗಿ 78ಕ್ಕೆ ಮುದ್ರಿತವಾದವಲ್ಲ. ಅವನ್ನು 78ರಲ್ಲಿ ತಿರುಗಿಸಿದರೆ ಗಾಯಕರ ಶ್ರುತಿಯೇ ಏರಿ ಇಳಿದು, ಗಂಡಸು ಹೆಂಗಸಾಗಿ ಹೆಂಗಸು ಹುಡುಗಿಯಾಗಿ ಕೇಳುತ್ತದೆ. ನಮ್ಮ ಬಳಗದ ಜಗಳಗಳಲ್ಲಿ ಅರ್ಧ ಈ ವೇಗದ ಮೇಲೇ ನಡೆಯುತ್ತಿದ್ದವು.

ಉಳಿದ ಅರ್ಧ ರೇಲ್ವೆ ಕಾಕಾ ಅವರ ಜಾಜ್ ಮೇಲೆ. ಅವರ ಹತ್ತಿರ ನಮ್ಮವು ನೂರಿದ್ದರೆ ಅಮೆರಿಕದ ಜಾಜ್ ಪ್ಲೇಟುಗಳು ಮುನ್ನೂರು. ಹಿಂದೆ ರೇಲ್ವೆ ಕ್ವಾರ್ಟರ್ಸಿನಲ್ಲಿ ನೆರೆಯವರಾಗಿದ್ದ ಆಂಗ್ಲೋ-ಇಂಡಿಯನ್ ಕುಟುಂಬವೊಂದು ದೇಶ ಬಿಟ್ಟು ಹೋಗುವಾಗ ಪೆಟ್ಟಿಗೆಯನ್ನು ಅವರಿಗೆ ಒಪ್ಪಿಸಿತ್ತು. ಅಂದಿನಿಂದ ಹತ್ತಿದ ಹುಚ್ಚು. ಮೊದಲ ಸಲ ಕೇಳಿದಾಗ ನನಗೆ ಮದುವೆ ಮನೆಯ ಬ್ಯಾಂಡಿನವರು ಜಗಳಾಡಿದಂತೆ ಅನಿಸಿತು. ಮಾಸ್ತರರಂತೂ ಕಿವಿಯಲ್ಲಿ ಬೆರಳಿಟ್ಟುಕೊಂಡರು. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. 1925ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ತನ್ನ ಐದು ಜನರ ಮೇಳ ಕಟ್ಟಿಕೊಂಡು ಶಿಕಾಗೋದಲ್ಲಿ ಮುದ್ರಿಸತೊಡಗಿದ ಪ್ಲೇಟುಗಳಲ್ಲೊಂದನ್ನು ಹಾಕಿದರು. ಅದರ ಬೆನ್ನಿಗೇ ಮಿರಜಿನ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿ ಹಾಕಿದರು. "ಇಬ್ಬರಿಗೂ ಮೂರೇ ನಿಮಿಷ. ರಾತ್ರಿಯೆಲ್ಲಾ ಹಾಡೋರಿಗೆ, ರಾತ್ರಿಯೆಲ್ಲಾ ಬಾರಿಸೋರಿಗೆ ಮೂರೇ ನಿಮಿಷ. ಆ ಮೂರು ನಿಮಿಷದಾಗ ಯಾವುದು ಬಿಟ್ಟಾರ, ಯಾವುದು ಇಟ್ಟಾರ, ಅದನ್ನ ಕೇಳ್ರಿ" ಎಂದರು. ಆ ಠುಮರಿಯನ್ನೇ ಗದುಗಿನ ಹುಡುಗ ಭೀಮಸೇನ ಜೋಶಿ ಪ್ಲೇಟಿನಲ್ಲಿ ಕೇಳಿ, ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟು ಓಡಿದ್ದು. ಮೂರು ನಿಮಿಷದಲ್ಲಿ ಒಬ್ಬ ಹುಡುಗನನ್ನು ಮನೆ ಬಿಡಿಸುವಷ್ಟು ಇಟ್ಟಿದ್ದರು ಎಂದಾಯಿತು.

ಜಾಜ್ ನಮ್ಮದಲ್ಲ ಎಂದು ಮಾಸ್ತರರು ಹಟ ಹಿಡಿದಾಗ ಕಾಕಾ ಹೇಳಿದ ಮಾತು ನನಗೆ ಮರೆಯದು. ಆಗ ಜಗತ್ತಿನ ಪ್ಲೇಟುಗಳಿಗೆಲ್ಲ ಅರಗು ಹೋಗುತ್ತಿದ್ದುದು ಬಹುಪಾಲು ಹಿಂದೂಸ್ಥಾನದಿಂದ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕದಲ್ಲಿ ಅರಗಿಗೆ ಕಡಿವಾಣ ಬಿದ್ದಾಗ ಹಳೇ ಪ್ಲೇಟುಗಳನ್ನೇ ಕೂಡಿಸಿ ಅರೆದು ಹೊಸ ಹಾಡು ಮುದ್ರಿಸಿದರಂತೆ. "ಅಲ್ಲಿ ಕಹಳಿ ಊದಿದ್ದು ಆತ, ಅದನ್ನ ಹಿಡಿದಿಟ್ಟಿದ್ದು ನಮ್ಮ ಮುತ್ತಗದ ಗಿಡದ ಹುಳ" ಎಂದು ಕಾಕಾ ನಕ್ಕರು. ಇತ್ತ 1935ರ ಸುಮಾರಿಗೆ ಅಮೆರಿಕದ ಕರಿಯ ವಾದ್ಯಗಾರರು ಮುಂಬಯಿಯ ತಾಜ್ ಹೋಟೆಲಿಗೇ ಬಂದು ಬಾರಿಸಿದರು. ಅವರನ್ನು ಕೇಳಿ ಕಲಿತ ಗೋವೆಯ ವಾದ್ಯಗಾರರು ಮುಂದೆ ಹಿಂದಿ ಸಿನಿಮಾದ ಮೇಳಗಳಲ್ಲಿ ಸೇರಿದರು. ಕಹಳೆಯ ಚಿಕ್ ಚಾಕಲೇಟ್ ಅವರಲ್ಲೊಬ್ಬರು, ಸಿ. ರಾಮಚಂದ್ರರ ಜೊತೆ ದುಡಿದವರು. ಆ ರಾಮಚಂದ್ರರು ಪಾಶ್ಚಾತ್ಯ ಕುಣಿತದ ಗತಿಯ ಹಾಡುಗಳನ್ನು ಹಾಕಿ ದೇಶವನ್ನೆಲ್ಲ ತಲೆದೂಗಿಸಿದ 1947ರ 'ಶೆಹನಾಯಿ' ಚಿತ್ರದಲ್ಲಿ ನಮ್ಮ ಬೀಳಗಿಯ ಅಮೀರಬಾಯಿಯೂ ಹಾಡಿದ್ದಾರೆ. ಹೀಗೆ ಕಾಕಾ ಅವರ ದಾರಿಯೂ ನನ್ನ ದಾರಿಯೂ ಒಂದು ಕಡೆ ಕೂಡಿದವು.

ಒಂದು ತಿಂಗಳು ಕಾಕಾ ಬೆಸ್ಸಿ ಸ್ಮಿತ್ ಎಂಬ ಕರಿಯ ಗಾಯಕಿಯ ಪ್ಲೇಟು ಹಾಕಿದರು. 1923ರಿಂದ ಹಾಡಿ ಮುದ್ರಿಸಿದಾಕೆ. ಭಾಷೆ ತಿಳಿಯದಿದ್ದರೂ ಎದೆಯಾಳದಿಂದ ಬಂದ ದನಿ ಎಂಬುದಕ್ಕೆ ಅರ್ಥ ಕೇಳಬೇಕಾಗಿರಲಿಲ್ಲ. ಆಕೆ ಮೋಟಾರು ಅಪಘಾತದಲ್ಲಿ ಸತ್ತದ್ದು 1937ರ ಸೆಪ್ಟೆಂಬರಿನಲ್ಲಿ. ಅಬ್ದುಲ್ ಕರೀಂ ಖಾನರು ತೀರಿಕೊಂಡದ್ದು ಅದರ ಮುಂದಿನ ತಿಂಗಳು, ಪಾಂಡಿಚೇರಿಯ ಹಾದಿಯ ಒಂದು ರೇಲ್ವೆ ಸ್ಟೇಶನ್ನಿನಲ್ಲಿ. ಗಂಡಸರು ತಾರೀಖುಗಳನ್ನು ಹೊಂದಿಸುತ್ತಿದ್ದಾಗ ನನ್ನ ಮನಸ್ಸು ಬೇರೆ ಕಡೆ ಹೊರಟಿತ್ತು. ಬೆಸ್ಸಿಯ ಪ್ಲೇಟು ಕೊಂಡು ಕೇಳಿದ ಬಿಳಿಯರ ಮನೆಗಳಲ್ಲಿ ಬೆಸ್ಸಿಗೆ ಮುಂಬಾಗಿಲಿನಿಂದ ಪ್ರವೇಶವಿತ್ತೇ? ನಮ್ಮಲ್ಲಾದರೂ ಏನಿತ್ತು?

ನೋಡಿ, ಹಿಂದೂಸ್ಥಾನದಲ್ಲಿ 1902ರಲ್ಲಿ ಪ್ಲೇಟು ಮುದ್ರಿಸಲು ಗ್ರಾಮೋಫೋನ್ ಕಂಪನಿಯವರು ಕಲಕತ್ತೆಗೆ ಬಂದಾಗ ಧೈರ್ಯವಾಗಿ ಮುಂದೆ ಬಂದವರಲ್ಲಿ ಹೆಸರಾದವರು ಗೌಹರ್ ಜಾನ್. ದೊಡ್ಡ ದೊಡ್ಡ ಉಸ್ತಾದರು ಹಿಂಜರಿದಾಗ ಹಾಡಿದವರು ಹೆಚ್ಚಾಗಿ ತವಾಯಫರು, ನಾಯಕಸಾನಿಯರು. ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತನ್ನ ಹೆಸರು ತಾನೇ ಹೇಳುತ್ತಿದ್ದರು ಗೌಹರ್. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ, ಅಲ್ಲಿಯವರಿಗೆ ಯಾರ ಹಾಡೆಂದು ಗುರುತು ಸಿಗಬೇಕಲ್ಲ! ಕೊನೆಗಾಲದಲ್ಲಿ ಮೈಸೂರಿಗೆ ಬಂದು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು. ನಮ್ಮ ಗಂಗೂಬಾಯಿ ಹಾನಗಲ್ಲರ ಮಾತು ನಿಮಗೆ ಗೊತ್ತೇ ಇದೆ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಎದುರು ಸ್ವಾಗತದ ಹಾಡು ಹೇಳಿದ ಹುಡುಗಿಗೆ, ಹಾಡಿದ ಸಂತೋಷಕ್ಕಿಂತ ಹೆಚ್ಚಾಗಿ ಊಟದ ಎಲೆ ತೆಗೆಯಲು ಹಚ್ಚುತ್ತಾರೇನೋ ಎಂಬ ಅಂಜಿಕೆ. ದಾರಿಯಲ್ಲಿ ಹೋದರೆ 'ಗಾನೇವಾಲಿ' ಎಂಬ ಮಾತು ಬೆನ್ನಿಗೆ. ಇಂಥವರನ್ನು ಹೊಸಿಲು ದಾಟಗೊಡದ ಮನೆಗಳು ಅವರ ದನಿಯನ್ನು ಮಾತ್ರ ಹಿತ್ತಾಳೆಯ ಕೊಳವೆಯಿಂದ ಒಳಗೆ ಬಿಟ್ಟುಕೊಂಡವು. ಆ ಮನೆಗಳ ಒಳಗಿದ್ದ ಹೆಂಗಸರೂ ಹೊಸಿಲು ದಾಟಿ ಕಚೇರಿಗೆ ಹೋಗುವಂತಿರಲಿಲ್ಲ. ಹೊರಗಿನವಳು ಒಳಗೆ ಬರುವಂತಿಲ್ಲ, ಒಳಗಿನವಳು ಹೊರಗೆ ಹೋಗುವಂತಿಲ್ಲ. ಇಬ್ಬರೂ ಭೇಟಿಯಾದದ್ದು ಮೂರು ನಿಮಿಷದ ಪ್ಲೇಟಿನಲ್ಲಿ. ನಾನು ಇದನ್ನು ತಡವರಿಸುತ್ತ ಹೇಳಿದಾಗ ಬಳಗದಲ್ಲಿ ಯಾರೂ ಜಗಳ ತೆಗೆಯಲಿಲ್ಲ. ದರ್ಜಿಯವರು ಮಾತ್ರ, "ನಮ್ಮವ್ವ ಬಾಗಲ ಹಿಂದ ನಿಂತು ಕೇಳತಿದ್ಲು" ಎಂದರು.

'ಕಿಸ್ಮತ್'ನ ಆ ಪ್ಲೇಟು ಸಿಕ್ಕದ್ದು 1997ರಲ್ಲಿ. ಹುಡುಕಿಕೊಟ್ಟವರು ರೇಲ್ವೆ ಕಾಕಾ, ಮುಂಬಯಿಯ ಚೋರ್ ಬಜಾರಿನಲ್ಲಿ. ಬಳಗದಲ್ಲಿ ಹಬ್ಬ. ಕಾಕಾ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, "ನೋಡವ್ವಾ, ಒಂದು ಗೀರಿಲ್ಲ, ನಿನ್ನೆ ಅಂಗಡಿಯಿಂದ ತಂದಾಂಗ ಐತಿ" ಎಂದು ಕೊಟ್ಟರು. ತಮ್ಮ ಕೀಲಿ ಕೊಡುವ ಪೆಟ್ಟಿಗೆ ಗ್ರಾಮೋಫೋನನ್ನೂ ಒಂದು ವಾರದ ಮಟ್ಟಿಗೆ ಕೊಟ್ಟರು. ಸೊಲ್ಲಾಪುರದಿಂದ ಝಳಕಿಯವರೆಗೆ ಪ್ಲೇಟನ್ನು ಕೌದಿಯಲ್ಲಿ ಸುತ್ತಿ ಬಾಣಂತಿ ಕೂಸನ್ನು ತರುವಂತೆ ಮಡಿಲಲ್ಲಿ ಇಟ್ಟುಕೊಂಡು ಬಂದೆ. ಬಸ್ಸು ಗುಂಡಿಗೆ ಇಳಿದಾಗೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಹನ್ನೊಂದು ವರ್ಷದ ಹಿಂದೆ ತಪ್ಪು ಮಾಡಿದೆ, ಇಗೋ ನಿಮ್ಮ ಪ್ಲೇಟು ಎಂದು. ಅವರು ಗಾಬರಿಯಾಗಿ, "ಇಷ್ಟಕ್ಕ ತಿಂಗಳಾ ಸೊಲ್ಲಾಪುರಕ್ಕ ಹೊಂಟಿದ್ದಿಯೇನ?" ಎಂದರು. ಗೋಡೆಗೆ ಒರಗಿ ಕೂತರು. ಕೀಲಿ ಕೊಟ್ಟು ಹೊಸ ಮುಳ್ಳು ಹಾಕಿ ಇಟ್ಟೆ. ಮೊದಲು ಮಳೆ ಬಂದಂಥ ಸದ್ದು, ಆಮೇಲೆ ವಾದ್ಯ, ಆಮೇಲೆ ಅಮೀರಬಾಯಿ. ಅತ್ತೆ ಕಣ್ಣು ಮುಚ್ಚಿದ್ದರು. ತುಟಿ ಸಣ್ಣಗೆ ಆಡುತ್ತಿತ್ತು. ಹಾಡು ನಡುವಿಗೆ ಬಂದಾಗ ಅವರ ಕೈ ಮೇಲೆದ್ದಿತು, ಏನನ್ನೋ ಎತ್ತಿ ಸರಿಸಲು ಹೊರಟವರ ಹಾಗೆ. ಗಾಳಿಯಲ್ಲಿಯೇ ನಿಂತಿತು. ಹಾಡು ಮುಂದೆ ಹೋಯಿತು. ಅತ್ತೆ ಕಣ್ಣು ತೆರೆದು ಪ್ಲೇಟಿನ ಕಡೆ ನೋಡಿದರು.

"ಇಲ್ಲಿ ತಡೀಬೇಕಿತ್ತು."

"ಏನ್ರೀ ಅತ್ತಿ?"

"ನಮ್ಮ ಪ್ಲೇಟು ಇಲ್ಲಿ ತಡೀತಿತ್ತು. ಅಂದದ್ದನ್ನ ಅಂತಿತ್ತು. ಮುಳ್ಳು ಎತ್ತಿ ಸ್ವಲ್ಪ ಮುಂದ ಇಡಬೇಕಿತ್ತು."

ಹಾಡು ಮುಗಿಯಿತು. ಖಾಲಿ ಪ್ಲೇಟು ಸರಸರ ತಿರುಗುತ್ತಿತ್ತು, ನಾನು ಮುಳ್ಳು ಎತ್ತಿಟ್ಟೆ. ಆಗ ಅವರು ಹೇಳಿದರು, ಇಂದು ಅಡಿಗೆಗೆ ಏನು ಎಂದು ಕೇಳುವ ದನಿಯಲ್ಲಿಯೇ. ನಮ್ಮ ಯಜಮಾನರು ಹುಟ್ಟುವ ಮೊದಲು ಅವರಿಗೊಂದು ಹೆಣ್ಣುಕೂಸು ಇತ್ತು. 1951ರಲ್ಲಿ ಹುಟ್ಟಿದ್ದು. ಈ ಹಾಡು ಹಚ್ಚಿದರೆ ಮಲಗುತ್ತಿತ್ತು. ಒಂದು ಮಧ್ಯಾಹ್ನ ತಾನೇ ಹಚ್ಚಲು ಹೋಗಿ ಮುಳ್ಳನ್ನು ಪ್ಲೇಟಿನ ಮೇಲೆ ಅಡ್ಡ ಎಳೆದುಬಿಟ್ಟಿತು. ಮಾವ ಸಿಟ್ಟಿನಿಂದ ಒಂದು ಏಟು ಹಾಕಿದರು. ಅದಾಗಿ ವರ್ಷವೊಪ್ಪತ್ತಿನಲ್ಲಿ ಜ್ವರ ಬಂದು ಕೂಸು ಹೋಯಿತು. ಫೋಟೋ ತೆಗೆಸಿರಲಿಲ್ಲ. ಬಟ್ಟೆಬರೆಯನ್ನು ಹೊಳೆಗೆ ಬಿಟ್ಟಿದ್ದರು. "ನಿಮ್ಮ ಮಾವ ಆಮ್ಯಾಲ ಆ ಪ್ಲೇಟು ಹಚ್ಚಿದಾಗೆಲ್ಲಾ ಅಲ್ಲಿ ತಡದ್ರ ಎತ್ತತಿದ್ದಿಲ್ಲ. ಸುಮ್ಮನ ಕೇಳಕೊಂತ ಕುಂಡ್ರತಿದ್ರು. ನಾನ ಬಂದು ಎತ್ತಿ ಇಡತಿದ್ದೆ."

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು, "ನಿನಗೇನ ಗೊತ್ತಿತ್ತವ್ವಾ, ನಿನಗ ಯಾರ ಹೇಳಿದ್ರು? ಇದೂ ಛಲೋ ಐತಿ. ಖರೇ ಇದು ನಮ್ಮದಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಮ್ಮೆ ಹಚ್ಚು" ಎಂದರು. ಆ ವಾರ ದಿನಾ ಹಚ್ಚಿದೆವು. ನಡುವಿನ ಆ ಜಾಗ ಬಂದಾಗ ಪ್ರತಿ ಸಲವೂ ಅವರ ಕೈ ಒಂದಿಷ್ಟು ಮೇಲೇಳುತ್ತಿತ್ತು.

ಮುಂದಿನ ತಿಂಗಳು ಬಳಗದಲ್ಲಿ ಇದನ್ನು ಹೇಳಿದೆ. ಬಹಳ ಹೊತ್ತು ಯಾರೂ ಪ್ಲೇಟು ಹಚ್ಚಲಿಲ್ಲ. ಸಂಗ್ರಹಕಾರರ ಲೆಕ್ಕದಲ್ಲಿ ಗೀರು ಎಂದರೆ ಕುಂದು. ಗೀರು ಹೆಚ್ಚಾದಷ್ಟೂ ಬೆಲೆ ಕಡಿಮೆ. ಕಾಕಾ ಎದ್ದು ಹೋಗಿ ಅಟ್ಟದ ಮೇಲಿಂದ ಒಂದು ರಟ್ಟಿನ ಡಬ್ಬಿ ತಂದರು. ಅವರು ಬೇಡವೆಂದು ತೆಗೆದಿಟ್ಟ ಜಾಜ್ ಪ್ಲೇಟುಗಳವು. ಕುಣಿತಕ್ಕೆ ಮತ್ತೆ ಮತ್ತೆ ಹಚ್ಚಿ ಸವೆದವು. ಕೆಲವುಗಳ ಚೀಟಿಯ ಮೇಲೆ ಮಸಿಯಲ್ಲಿ ಹೆಣ್ಣಿನ ಹೆಸರುಗಳಿದ್ದವು. ಒಂದರ ಮೇಲೆ ಚಹಾ ಕಪ್ಪಿನ ಬಳೆಗುರುತು. "ಇಷ್ಟು ವರ್ಷ ನಾ ಇವನ್ನ ಕೆಟ್ಟವು ಅಂದುಕೊಂಡಿದ್ದೆ" ಎಂದು ಒಂದನ್ನು ಹಚ್ಚಿದರು. ಸದ್ದಿನ ನಡುವೆ ಕಹಳೆ ಎಲ್ಲೋ ದೂರದಿಂದ ಕೇಳಿತು. ಅಂದು ಮಾಸ್ತರರು ಕಿವಿಯಲ್ಲಿ ಬೆರಳಿಡಲಿಲ್ಲ.

ಅತ್ತೆ ಹೋದದ್ದು 2004ರಲ್ಲಿ. ಕಾಕಾ, ಮಾಸ್ತರರು ಇಬ್ಬರೂ ಇಲ್ಲ. ಎರಡನೆಯ ರವಿವಾರ ಈಗ ಯಾರೂ ಸೇರುವುದಿಲ್ಲ. ನನ್ನ ಹತ್ತಿರ ಅರವತ್ತು ಚಿಲ್ಲರೆ ಪ್ಲೇಟುಗಳಿವೆ, ಗೋಡೆಗೆ ಪುಸ್ತಕದಂತೆ ನಿಲ್ಲಿಸಿಟ್ಟಿದ್ದೇನೆ. ಮೊಮ್ಮಗಳು ಮೊಬೈಲಿನಲ್ಲಿ ಬೆರಳಾಡಿಸಿ ಆ ಹಾಡನ್ನು ಅರೆಗಳಿಗೆಯಲ್ಲಿ ಹಚ್ಚಿ ತೋರಿಸುತ್ತಾಳೆ. "ಅಜ್ಜೀ, ಇದಕ್ಕಾ ಹನ್ನೊಂದು ವರ್ಷ?" ಎಂದು ನಗುತ್ತಾಳೆ. ಹೌದು, ಹಾಡು ಎಲ್ಲಿಯೂ ಹೋಗಿಲ್ಲ. ಹೋದದ್ದು ಹಾಡಲ್ಲ.

ಇದನ್ನು ಓದುವವರ ಮನೆಯ ಅಟ್ಟದಲ್ಲಿಯೂ ಒಂದು ಪೆಟ್ಟಿಗೆ ಇದ್ದೀತು. ಪ್ಲೇಟೇ ಆಗಬೇಕೆಂದಿಲ್ಲ. ಕಿವಿ ಹರಿದ ಕಪ್ಪು, ಹಲ್ಲು ಮುರಿದ ಹಣಿಗೆ, ಏನಾದರೂ ಇರಬಹುದು. ಅದನ್ನು ಯಾರಿಗಾದರೂ ಕೊಡುವ ಮೊದಲು ಮನೆಯ ಹಿರಿಯ ಹೆಂಗಸನ್ನು ಒಮ್ಮೆ ಕೇಳಿ. ಬೇಕೇ ಬೇಡವೇ ಎಂದು ಕೇಳಬೇಡಿ. ಬೇಡ ಎಂದೇ ಹೇಳುತ್ತಾರೆ, ಅವರಿಗೆ ಅದೇ ರೂಢಿ. ಇದು ಎಲ್ಲಿ ಮುರಿಯಿತು, ಯಾರು ಮುರಿದರು ಎಂದು ಕೇಳಿ.

ಹಿಟ್ಟಿನ ಡಬ್ಬಿ ಇನ್ನೂ ಅಲ್ಲಿಯೇ ಇದೆ. ದಿನಾ ಬೆಳಗ್ಗೆ ಮುಚ್ಚಳ ತೆಗೆಯುವಾಗ ಅದರ ಬಿಗಿಗೆ ಕೈ ಒಂದು ಗಳಿಗೆ ತಡೆಯುತ್ತದೆ. ಆಮೇಲೆ ಹಿಟ್ಟು ತೆಗೆದು ರೊಟ್ಟಿಗೆ ಕೂಡುತ್ತೇನೆ.